ಮಸೂದೆಯಲ್ಲಿ ಯಾರು ಕೈಯಾಡಿಸಿದರು ಎಂಬುದೂ ದಾಖಲಾಗಲಿ

ಗೆ,
ಮಾನ್ಯ ಸ್ಪೀಕರ್ ಅವರು, ಲೋಕಸಭೆ
ಮಾನ್ಯ ಸಭಾಪತಿಯವರು, ರಾಜ್ಯಸಭೆ
ನವದೆಹಲಿ

ಪ್ರತಿ: ಕರ್ನಾಟಕದ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರಿಗೆ

ವಿಷಯ: ಶಾಸನ ರಚನೆಯ ಮೇಲಿನ ಪ್ರಭಾವಗಳನ್ನು ಸದನದ ಕಡತದಲ್ಲಿ ದಾಖಲಿಸುವ ಬಗ್ಗೆ

ಮಾನ್ಯರೇ,

ಮಸೂದೆಯೊಂದು ಯಾವ ದಿನ ಮಂಡನೆಯಾಯಿತು, ಅದರ ಮೇಲೆ ಯಾರು ಮಾತನಾಡಿದರು, ಯಾವ ತಿದ್ದುಪಡಿ ಬಿದ್ದುಹೋಯಿತು, ರಾಷ್ಟ್ರಪತಿಗಳ ಅಂಕಿತ ಯಾವಾಗ ಸಿಕ್ಕಿತು ಎಂಬುದನ್ನೆಲ್ಲ ಇವತ್ತು ಕೈಯಲ್ಲಿ ಮೊಬೈಲ್ ಇರುವ ಯಾರು ಬೇಕಾದರೂ ನೋಡಿಕೊಳ್ಳಬಹುದು. ನಿಮ್ಮಿಬ್ಬರ ಸಚಿವಾಲಯಗಳೂ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿವೆ. ಆದರೆ ಅದೇ ಮಸೂದೆಯ ಯಾವುದೋ ಒಂದು ಕಲಂ ಯಾರು ಕೇಳಿದ್ದಕ್ಕೆ ಒಳಗೆ ಬಂತು, ಯಾರು ಬೇಡವೆಂದರೂ ಉಳಿಯಿತು ಎಂದು ಕೇಳಿದರೆ ಉತ್ತರಿಸುವ ಕಡತ ಸದನದಲ್ಲಿ ಇಲ್ಲ. ಈ ಪತ್ರ ಅದರ ಬಗ್ಗೆ.

ಶಾಸನದ ಮೇಲೆ ಪ್ರಭಾವ ಬೀರುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ರೈತ ಸಂಘದವರು ದೆಹಲಿಗೆ ಹೋಗಿ ಸಚಿವರನ್ನು ಕಾಣುವುದೂ ಪ್ರಭಾವವೇ, ಕೈಗಾರಿಕಾ ಒಕ್ಕೂಟ ಕರಡಿಗೆ ಟಿಪ್ಪಣಿ ಬರೆದುಕೊಡುವುದೂ ಪ್ರಭಾವವೇ. ಅವರು ಹೇಳದಿದ್ದರೆ ಸಚಿವಾಲಯದ ಅಧಿಕಾರಿಗೆ ಎಷ್ಟೋ ಸಂಗತಿಗಳು ಗೊತ್ತೇ ಆಗುವುದಿಲ್ಲ. ನಮ್ಮ ತಕರಾರು ಇಷ್ಟೇ: ಹೀಗೆ ಬಂದ ಪ್ರಭಾವ ಲೆಕ್ಕಕ್ಕೆ ಸಿಗಬೇಕು.

ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡೋಣ. ತಂಬಾಕು ಉತ್ಪನ್ನಗಳ ಪೊಟ್ಟಣದ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗವನ್ನು ಚಿತ್ರಸಹಿತ ಎಚ್ಚರಿಕೆಗೆ ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅಲ್ಲಿಯವರೆಗೆ ಇದ್ದದ್ದು ಮುಂಬದಿಯ ಶೇ 40 ಮಾತ್ರ. ಹೊಸ ನಿಯಮ 2015ರ ಏಪ್ರಿಲ್ 1ರಿಂದ ಜಾರಿಗೆ ಬರಬೇಕಿತ್ತು. ಸಚಿವಾಲಯಗಳು ಹೊರಡಿಸುವ ನಿಯಮಗಳನ್ನು ನೋಡುವ ಲೋಕಸಭೆಯ ಅಧೀನ ಶಾಸನ ಸಮಿತಿ ಅದನ್ನು ಪರಿಶೀಲನೆಗೆ ಎತ್ತಿಕೊಂಡು, ಸದ್ಯಕ್ಕೆ ತಡೆಹಿಡಿಯಿರಿ ಎಂದು ಮಾರ್ಚ್‌ನಲ್ಲಿ ಮಧ್ಯಂತರ ವರದಿ ಕೊಟ್ಟಿತು. ಜಾರಿಗೆ ಕೆಲವೇ ದಿನ ಬಾಕಿ ಇದ್ದಾಗ ಸಚಿವಾಲಯ ತಡೆಹಿಡಿದೂಬಿಟ್ಟಿತು. ಆ ಸಮಿತಿಯ ಸದಸ್ಯರಲ್ಲಿ ಒಬ್ಬರು ಸ್ವತಃ ಬೀಡಿ ಉದ್ಯಮಿ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನುವ ಅಧ್ಯಯನಗಳೆಲ್ಲ ಹೊರದೇಶದವು, ನಮ್ಮಲ್ಲಿ ಮಾಡಿದ್ದಿಲ್ಲ ಎಂಬರ್ಥದ ಮಾತನ್ನು ಸಮಿತಿಯ ಅಧ್ಯಕ್ಷರೇ ಮಾಧ್ಯಮದ ಮುಂದೆ ಆಡಿದರು. 2016ರ ಮಾರ್ಚ್‌ನ ಅಂತಿಮ ವರದಿ ಶೇ 85ರ ಬದಲು ಶೇ 50 ಸಾಕು ಎಂದಿತು. ಸರ್ಕಾರ ಅದನ್ನು ಒಪ್ಪದೆ 2016ರ ಏಪ್ರಿಲ್ 1ರಿಂದ ಶೇ 85ನ್ನೇ ಜಾರಿಗೆ ತಂದಿತು. ಅಂದರೆ ನಿಯಮ ಒಂದು ವರ್ಷ ತಡವಾಯಿತು. ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ದಾವೆಗಳನ್ನು ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟ್‌ಗೆ ವರ್ಗಾಯಿಸಿತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಇದರಲ್ಲಿ ಕರ್ನಾಟಕದವರ ಹಿತಾಸಕ್ತಿ ಇರಲಿಲ್ಲವೇ? ಖಂಡಿತ ಇತ್ತು. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರು ತಂಬಾಕು ಮಂಡಳಿಯ ಹರಾಜು ಕಟ್ಟೆಯನ್ನು ನಂಬಿಕೊಂಡವರು, ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸುತ್ತಾರೆ. ಬೀಡಿ ಕಟ್ಟು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಪೂರ. ಅದಕ್ಕೆ ಸುತ್ತುವ ತೆಳು ಕಾಗದದಲ್ಲಿ ‘ಎರಡೂ ಬದಿಯ ಶೇ 85’ ಎಂದರೆ ಎಲ್ಲಿಂದ ಎಲ್ಲಿಗೆ ಅಳೆಯುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೀಡಿ ಕಟ್ಟುವವರ ಪರವಾಗಿ ಅಲ್ಲಿನ ಸಂಸದರು ಮಾತನಾಡಿದರೆ ಅದು ಪ್ರಾತಿನಿಧ್ಯ. ಕಾರ್ಖಾನೆಯ ಮಾಲೀಕರೇ ಸಮಿತಿಯಲ್ಲಿ ಕೂತು ತಮ್ಮ ಸರಕಿನ ನಿಯಮವನ್ನು ತಾವೇ ಪರಿಶೀಲಿಸಿದರೆ ಅದನ್ನು ಪ್ರಾತಿನಿಧ್ಯ ಎನ್ನಲಾಗದು. ಈ ಎರಡನ್ನು ಬೇರ್ಪಡಿಸುವ ಸಾಧನ ಲೋಕಸಭೆಯ ಬಳಿ ಹೆಸರಿಗಷ್ಟೇ ಇದೆ.

ಹೆಸರಿಗಷ್ಟೇ ಎಂದದ್ದಕ್ಕೆ ಕಾರಣವಿದೆ. ಸಮಿತಿಯ ಸದಸ್ಯರಿಗೆ ವೈಯಕ್ತಿಕ ಅಥವಾ ಹಣಕಾಸಿನ ಹಿತಾಸಕ್ತಿ ಇದ್ದರೆ ಆಕ್ಷೇಪ ಎತ್ತಲು ಲೋಕಸಭೆಯ ನಿಯಮ 255 ಅವಕಾಶ ಕೊಡುತ್ತದೆ. ಸದನದಲ್ಲಿ ಹಾಕಿದ ಮತವನ್ನು ಪ್ರಶ್ನಿಸಲು ನಿಯಮ 371 ಇದೆ. ಎರಡರಲ್ಲೂ ಇನ್ನೊಬ್ಬರು ಆಕ್ಷೇಪ ಎತ್ತಿದರೆ ಮಾತ್ರ ವಿಷಯ ಮುಂದುವರಿಯುತ್ತದೆ. ಯಾರಿಗೆ ಎಲ್ಲಿ ಪಾಲಿದೆ ಎಂಬ ಪಟ್ಟಿಯೇ ಸಾರ್ವಜನಿಕವಾಗಿ ಇಲ್ಲದಿರುವಾಗ ಆಕ್ಷೇಪ ಎತ್ತುವವರು ಎಲ್ಲಿಂದ ಬರಬೇಕು? ಇನ್ನು ನಿಯಮ 371ರ ವಿವರಣೆಯ ಪ್ರಕಾರ ಆ ಹಿತಾಸಕ್ತಿ ಸದಸ್ಯರಿಗೆ ಪ್ರತ್ಯೇಕವಾಗಿ ಸೇರಿದ್ದಾಗಿರಬೇಕು, ಸಾರ್ವಜನಿಕರ ಯಾವುದೇ ವರ್ಗದೊಂದಿಗೆ ಹಂಚಿಕೊಂಡದ್ದಾಗಿರಬಾರದು. ‘ನಾನೊಬ್ಬನೇ ಅಲ್ಲ, ಬೀಡಿ ತಯಾರಕರೆಲ್ಲರ ಹಿತವೂ ಇದೇ’ ಎಂದರೆ ಮುಗಿಯಿತು, ಯಾರ ಮೇಲೂ ಅದು ಅನ್ವಯವಾಗುವುದಿಲ್ಲ. ರಾಜ್ಯಸಭೆಯಲ್ಲಿ ಪರಿಸ್ಥಿತಿ ಒಂದಿಷ್ಟು ವಾಸಿ. ಅಲ್ಲಿ ನಿಯಮ 293ರ ಪ್ರಕಾರ ಸದಸ್ಯರ ಹಿತಾಸಕ್ತಿಗಳ ರಿಜಿಸ್ಟರ್ ಇದೆ. ಕಂಪನಿಗಳ ನಿರ್ದೇಶಕ ಸ್ಥಾನ, ಸಂಭಾವನೆ ಬರುವ ಉದ್ಯೋಗ, ನಿಯಂತ್ರಣ ಕೈಯಲ್ಲಿರುವಷ್ಟು ಷೇರು, ಸಲಹೆಗಾರಿಕೆ, ವೃತ್ತಿ ಎಂಬ ಐದು ಬಾಬುಗಳಲ್ಲಿ ಸದಸ್ಯರು ವಿವರ ಕೊಡಬೇಕು. ಸಂಸತ್ತಿನ ಒಂದು ಮನೆಗೆ ಸಾಧ್ಯವಾದದ್ದು ಇನ್ನೊಂದಕ್ಕೆ ಏಕಾಗದು?

ಸದನಕ್ಕೆ ಬರುವ ಮೊದಲಿನ ಹಂತಕ್ಕೆ ಬರೋಣ. ಕಾಯ್ದೆಯ ಬಹುಪಾಲು ತೀರ್ಮಾನವಾಗುವುದು ಅಲ್ಲಿಯೇ. ಶಾಸನಪೂರ್ವ ಸಮಾಲೋಚನೆಯ ನೀತಿಯನ್ನು ಕೇಂದ್ರ ಸರ್ಕಾರ 2014ರಲ್ಲಿ ಒಪ್ಪಿಕೊಂಡಿದೆ. ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು, ಕಾನೂನಿನ ಪರಿಭಾಷೆ ಬಿಟ್ಟು ಸರಳ ಮಾತಿನಲ್ಲಿ ವಿವರಣೆ ಕೊಡಬೇಕು, ಪರಿಸರ, ಮೂಲಭೂತ ಹಕ್ಕು ಮತ್ತು ಬಾಧಿತರ ಜೀವನೋಪಾಯದ ಮೇಲಿನ ಪರಿಣಾಮವನ್ನು ಹೇಳಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಪ್ರಕಟಿಸಬೇಕು, ಅದನ್ನು ಸಚಿವ ಸಂಪುಟದ ಟಿಪ್ಪಣಿಯಲ್ಲೂ ಸೇರಿಸಬೇಕು. ನೀತಿ ಚೆನ್ನಾಗಿದೆ, ಆದರೆ ಕಾನೂನಿನ ಬಲ ಅದಕ್ಕಿಲ್ಲ. ಕಾರ್ಯಸಾಧ್ಯವಲ್ಲ ಎಂದು ಸಂಪುಟ ಟಿಪ್ಪಣಿಯಲ್ಲಿ ಕಾರಣ ಬರೆದರೆ ಸಚಿವಾಲಯ ಇದನ್ನು ಬಿಟ್ಟು ಮುಂದೆ ಹೋಗಬಹುದು. ಸಂಪುಟ ಟಿಪ್ಪಣಿ ಗೋಪ್ಯವಾದ್ದರಿಂದ ಆ ಕಾರಣವೂ ನಮಗೆ ಕಾಣುವುದಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆದದ್ದನ್ನು ನೋಡಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಹಿಡಿದು ಹಳ್ಳಿಯ ಪಡಿತರ ಚೀಟಿಯವರೆಗೆ ತಟ್ಟುವ ಕಾಯ್ದೆ ಅದು. 2022ರ ನವೆಂಬರ್‌ನಲ್ಲಿ ಕರಡು ಹೊರಬಂತು, 20 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಆದರೆ ಬಂದ ಅಭಿಪ್ರಾಯಗಳನ್ನು ಬಹಿರಂಗಪಡಿಸುವುದಿಲ್ಲ ಎಂದು ಸಚಿವಾಲಯ ಕರಡಿನೊಂದಿಗೇ ಹೇಳಿಬಿಟ್ಟಿತ್ತು. ಯಾವ ಕಂಪನಿ ಏನು ಕೇಳಿತು, ಯಾವ ನಾಗರಿಕ ಸಂಘಟನೆ ಯಾವುದಕ್ಕೆ ಅಡ್ಡಿ ಹೇಳಿತು ಎಂಬುದು ಹಾಗೆಯೇ ಕಪಾಟಿನಲ್ಲಿ ಉಳಿಯಿತು. 2023ರ ಆಗಸ್ಟ್ 3ರಂದು ಮಂಡನೆಯಾದ ಮಸೂದೆ 7ರಂದು ಲೋಕಸಭೆಯಲ್ಲಿ, 9ರಂದು ರಾಜ್ಯಸಭೆಯಲ್ಲಿ ಧ್ವನಿಮತದಿಂದ ಅಂಗೀಕಾರವಾಯಿತು, 11ರಂದು ಅಂಕಿತ ಬಿತ್ತು.

ಅದರ 44ನೇ ಸೆಕ್ಷನ್‌ನ 3ನೇ ಉಪಕಲಂ ವೈಯಕ್ತಿಕ ಮಾಹಿತಿಯನ್ನು ಯಾವಾಗ ನಿರಾಕರಿಸಬಹುದು ಎಂದು ಹೇಳುವ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ಬದಲಾಯಿಸಿತು. ಮೊದಲಿನ ಪಾಠದಲ್ಲಿ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ರಕ್ಷಣೆ ಇತ್ತು, ವ್ಯಾಪಕ ಸಾರ್ವಜನಿಕ ಹಿತ ಇದ್ದರೆ ಅದನ್ನೂ ಕೊಡಬಹುದಿತ್ತು. ಕೊನೆಯಲ್ಲೊಂದು ಸಾಲೂ ಇತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ತಿದ್ದುಪಡಿಯ ಬಳಿಕ ಉಳಿದದ್ದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಎಂಬಷ್ಟೇ. ಸೆಕ್ಷನ್ 8(2)ರಲ್ಲಿ ಸಾರ್ವಜನಿಕ ಹಿತದ ದಾರಿ ಈಗಲೂ ತೆರೆದಿದೆ ಎನ್ನುವ ವಾದವಿದೆ, ಅದು ಸುಳ್ಳಲ್ಲ. ಆದರೆ ಉದ್ಯೋಗ ಖಾತರಿಯ ಹಾಜರಾತಿ ಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ ಎಂದು ಕೇಳುವವನಿಗೆ ತಾಲ್ಲೂಕಿನ ಮಾಹಿತಿ ಅಧಿಕಾರಿ ಯಾವ ಸೆಕ್ಷನ್ ಮೊದಲು ತೋರಿಸುತ್ತಾರೆಂದು ಅರ್ಜಿ ಹಾಕಿದವರಿಗೆಲ್ಲ ಗೊತ್ತು. ಸಂಸತ್ತಿಗೂ ಜನರಿಗೂ ಸಮಾನ ಹಕ್ಕು ಕೊಟ್ಟಿದ್ದ ಆ ಸಾಲನ್ನು ತೆಗೆಯಿರಿ ಎಂದು ಕೇಳಿದವರು ಯಾರು? ಸಚಿವಾಲಯವೇ ಯೋಚಿಸಿದ್ದಾದರೆ ಹಾಗೆಂದು ಹೇಳಲಿ. ಬೇರೆಯವರು ಕೇಳಿದ್ದಾದರೆ ಅವರ ಹೆಸರು ತಿಳಿಯಲಿ.

ದಾಖಲಿಸಿ ಕೆಲಸ ಮಾಡಿದರೆ ಹೊತ್ತು ಹಿಡಿಯುತ್ತದೆ ಎಂಬ ಆಕ್ಷೇಪ ಬರುವುದುಂಟು. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣದ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಸುಮಾರು 80 ಸಾವಿರ ಸಲಹೆಗಳನ್ನು ಪಡೆದು ಒಂದು ತಿಂಗಳೊಳಗೆ ವರದಿ ಕೊಟ್ಟಿತು. ವರದಿ ಬಹಿರಂಗವಾಗಿಯೇ ಇತ್ತು. ಹಾಗಾಗಿ ವೈವಾಹಿಕ ಅತ್ಯಾಚಾರದ ವಿನಾಯಿತಿ ತೆಗೆಯಬೇಕು, ಮರಣದಂಡನೆ ಬೇಡ ಎಂಬ ಶಿಫಾರಸುಗಳನ್ನು ಸರ್ಕಾರ ಬಿಟ್ಟಿದೆ ಎಂಬುದು ಸುಗ್ರೀವಾಜ್ಞೆ ಬಂದ ದಿನವೇ ಎಲ್ಲರಿಗೂ ಕಂಡಿತು. ಒಪ್ಪುವುದು ಬಿಡುವುದು ಸರ್ಕಾರಕ್ಕೆ ಸೇರಿದ್ದು. ಯಾವುದನ್ನು ಬಿಟ್ಟಿತು ಎಂದು ಕಾಣುವಂತಿತ್ತಲ್ಲ, ನಾವು ಕೇಳುತ್ತಿರುವುದು ಅಷ್ಟನ್ನೇ.

ಇನ್ನು ಸ್ಥಾಯಿ ಸಮಿತಿಗಳು. 1993ರಲ್ಲಿ 17 ಇಲಾಖಾವಾರು ಸಮಿತಿಗಳಿಂದ ಶುರುವಾದ ಈ ವ್ಯವಸ್ಥೆಯಲ್ಲಿ ಈಗ 24 ಸಮಿತಿಗಳಿವೆ, ಒಂದೊಂದರಲ್ಲೂ 31 ಸದಸ್ಯರು. ಕ್ಯಾಮೆರಾ ಇಲ್ಲದ ಕೋಣೆಯಾದ್ದರಿಂದ ಪಕ್ಷದ ಗೋಡೆ ದಾಟಿ ಮಾತನಾಡುವ ಸದಸ್ಯರು ಅಲ್ಲಿ ಸಿಗುತ್ತಾರೆ. ಕಾರ್ಯದರ್ಶಿಗಳನ್ನು ಕೂರಿಸಿಕೊಂಡು ಕಲಂ ಕಲಂ ಕೇಳುವ ಕೆಲಸ ನಡೆಯುವುದು ಅಲ್ಲೇ. 15ನೇ ಲೋಕಸಭೆಯ ಅವಧಿಯಲ್ಲಿ ಸುಮಾರು ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ ಹೋದದ್ದು ಶೇ 16ರ ಆಸುಪಾಸು. ಭೂಸ್ವಾಧೀನ ಕಾಯ್ದೆ 2011ರಲ್ಲಿ ಮಂಡನೆಯಾಗಿ, ಸಮಿತಿಯಲ್ಲಿ ಸೋಸಿ, 2013ರಲ್ಲಿ ಅಂಗೀಕಾರವಾಯಿತು. ಅದನ್ನು ಸುಗ್ರೀವಾಜ್ಞೆಯಿಂದ ಬದಲಾಯಿಸಲು ಮೂರು ಸಲ ಹೊರಟ ಸರ್ಕಾರ 2015ರ ಆಗಸ್ಟ್‌ನಲ್ಲಿ ಕೈಬಿಟ್ಟಿತು. ಮೂರು ಕೃಷಿ ಕಾಯ್ದೆಗಳು 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದವು, ಸೆಪ್ಟೆಂಬರ್‌ನಲ್ಲಿ ಸಮಿತಿಗೆ ಹೋಗದೆ ಅಂಗೀಕಾರವಾದವು, 2021ರ ನವೆಂಬರ್ 29ರಂದು ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ರದ್ದಾದವು. ಸಮಿತಿಯ ಮುಂದೆ ಹೇಳಬೇಕಾದ್ದನ್ನು ರೈತರು ಒಂದು ವರ್ಷ ದೆಹಲಿಯ ಗಡಿಯಲ್ಲಿ ಕೂತು ಹೇಳಿದರು. ಕಾಯ್ದೆ ತಂದದ್ದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ತಂದಾಗ ಸಮಿತಿ ಪ್ರಶ್ನೆ ಕೇಳಲಿಲ್ಲ, ತೆಗೆದಾಗ ಸದನ ಚರ್ಚಿಸಲಿಲ್ಲ ಎಂಬುದು ನಮ್ಮ ದೂರು.

ಸಮಿತಿಗೆ ಹೋದರೂ ನಮ್ಮಂಥವರಿಗೆ ಬಾಗಿಲು ಅರ್ಧ ತೆರೆದಿರುತ್ತದೆ. ಅಭಿಪ್ರಾಯ ಆಹ್ವಾನಿಸುವ ಜಾಹೀರಾತಿನಲ್ಲಿ ಸಾಮಾನ್ಯವಾಗಿ 15 ದಿನಗಳ ಗಡುವು. ಮನವಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಕೊಟ್ಟ ಮೇಲೆ ಅದು ಸಮಿತಿಯ ಗೋಪ್ಯ ಕಡತ. ಸದನದೊಳಗೆ ಸಂಸದರು ಕನ್ನಡದಲ್ಲಿ ಮಾತನಾಡಿದರೆ ಭಾಷಾಂತರಕಾರರಿದ್ದಾರೆ, ಅದಕ್ಕೆ ನಮ್ಮ ಮೆಚ್ಚುಗೆ ಇದೆ. ಬಂಟ್ವಾಳದ ಬೀಡಿ ಕಾರ್ಮಿಕಳು ಸಮಿತಿಗೆ ಕನ್ನಡದಲ್ಲಿ ಪತ್ರ ಬರೆದರೆ ಓದುವವರು ಯಾರು? ದೊಡ್ಡ ಕಂಪನಿಗೆ ದೆಹಲಿಯಲ್ಲೇ ವಕೀಲರಿದ್ದಾರೆ, ಹದಿನೈದು ದಿನ ಅವರಿಗೆ ಬೇಕಾದಷ್ಟಾಯಿತು. 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಯನ್ನು ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ಸ್ವಲ್ಪ ಕಾಲ ತಡೆದದ್ದೂ ಉಂಟು. ಪ್ರತಿ ಸಲ ಕೋರ್ಟಿನ ಮೆಟ್ಟಿಲು ಹತ್ತಿ ಕನ್ನಡದ ಪ್ರತಿ ಪಡೆಯಬೇಕೆಂದರೆ ಆಗುವ ಮಾತೇ?

ಹಣದ ಪ್ರಭಾವದ ಬಗ್ಗೆ ಎರಡೇ ಉದಾಹರಣೆ ಸಾಕು. ಎರಡೂ ಹಣಕಾಸು ಮಸೂದೆಯ ಹೊಟ್ಟೆಯೊಳಗೆ ಬಂದವು. 2017ರ ಹಣಕಾಸು ಕಾಯ್ದೆ, ಹೆಸರು ಹೊರಬೀಳದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್‌ಗೆ ದಾರಿ ಮಾಡಿತು. ಕಂಪನಿಗಳು ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂಬ ಮಿತಿಯನ್ನೂ ತೆಗೆದುಹಾಕಿತು. ರಿಸರ್ವ್ ಬ್ಯಾಂಕ್ ಮೊದಲೇ ಆಕ್ಷೇಪ ಹೇಳಿತ್ತು ಎಂಬುದು ಹೊರಬಿದ್ದದ್ದು ವರ್ಷಗಳ ನಂತರ, ಅದೂ ಮಾಹಿತಿ ಹಕ್ಕಿನ ಅರ್ಜಿಯಿಂದ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದು ಮಾಡುವ ಹೊತ್ತಿಗೆ 16,500 ಕೋಟಿ ರೂಪಾಯಿ ಮೀರಿದ ಬಾಂಡ್‌ಗಳು ಮಾರಾಟವಾಗಿದ್ದವು.

ಎರಡನೆಯದು ಇದಕ್ಕಿಂತ ಸಣ್ಣದು, ಆದರೆ ನಮ್ಮ ಮಟ್ಟಿಗೆ ಹೆಚ್ಚು ಕಸಿವಿಸಿಯದು. ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವಿದೇಶಿ ದೇಣಿಗೆಯ ಕಾನೂನು ಉಲ್ಲಂಘಿಸಿವೆ ಎಂದು ದೆಹಲಿ ಹೈಕೋರ್ಟ್ 2014ರಲ್ಲಿ ಹೇಳಿತು. 2016ರ ಹಣಕಾಸು ಕಾಯ್ದೆ ‘ವಿದೇಶಿ ಮೂಲ’ ಎಂಬುದರ ವ್ಯಾಖ್ಯೆಯನ್ನೇ 2010ರಿಂದ ಪೂರ್ವಾನ್ವಯವಾಗುವಂತೆ ಬದಲಾಯಿಸಿತು. ಆದರೆ ತೀರ್ಪಿನಲ್ಲಿದ್ದ ದೇಣಿಗೆಗಳು ಅದಕ್ಕೂ ಹಿಂದಿನವು. 2018ರ ಹಣಕಾಸು ಕಾಯ್ದೆ ‘2010ರ ಸೆಪ್ಟೆಂಬರ್ 26’ ಎಂಬ ದಿನಾಂಕ ತೆಗೆದು ಅಲ್ಲಿ ‘1976ರ ಆಗಸ್ಟ್ 5’ ಎಂದು ಹಾಕಿತು. ಅಷ್ಟೇ, ಒಂದು ದಿನಾಂಕ. 34 ವರ್ಷಗಳ ಲೆಕ್ಕ ಚುಕ್ತಾ. 2018ರ ಮಾರ್ಚ್ 14ರಂದು ಲೋಕಸಭೆ ಆ ಮಸೂದೆಯನ್ನು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು. ಬೇರೆಲ್ಲ ವಿಷಯಕ್ಕೆ ಕಲಾಪ ನಿಲ್ಲಿಸುವ ಪಕ್ಷಗಳಿಗೆ ಈ ಸಾಲು ಮಾತ್ರ ಹೇಗೋ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ ಮತದಾನ. 1985ರ 52ನೇ ತಿದ್ದುಪಡಿ ತಂದ ಸಂವಿಧಾನದ 10ನೇ ಅನುಸೂಚಿಯ ಪ್ರಕಾರ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ, ಅಥವಾ ಗೈರಾದರೆ, ಪಕ್ಷ 15 ದಿನಗಳೊಳಗೆ ಕ್ಷಮಿಸದಿದ್ದರೆ ಸದಸ್ಯತ್ವ ಹೋಗಬಹುದು. ಸರ್ಕಾರ ಉರುಳಿಸುವ ಪಕ್ಷಾಂತರ ತಡೆಯಲು ಬಂದ ಈ ಅಸ್ತ್ರ ಇವತ್ತು ಸಾಮಾನ್ಯ ಮಸೂದೆಗಳ ಮೇಲೂ ತೂಗುತ್ತದೆ. ವಿಶ್ವಾಸಮತದಂಥ ಸಂದರ್ಭಕ್ಕೆ ಮಾತ್ರ ಅದನ್ನು ಸೀಮಿತಗೊಳಿಸಬೇಕೆಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಇದರ ಜೊತೆಗೆ ಬಹುತೇಕ ಮಸೂದೆಗಳಿಗೆ ಧ್ವನಿಮತ. ವಿಭಜನೆ, ಅಂದರೆ ಯಾರು ಯಾವ ಕಡೆ ಎಂದು ದಾಖಲಾಗುವ ಮತದಾನ, ಕೇಳದಿದ್ದರೆ, ಕೇಳಿದರೂ ಕೊಡದಿದ್ದರೆ, ನಮ್ಮ ಕ್ಷೇತ್ರದ ಸಂಸದರು ಹೌದೆಂದರೋ ಇಲ್ಲವೆಂದರೋ ಅಥವಾ ಆ ಹೊತ್ತಿಗೆ ಕ್ಯಾಂಟೀನಿನಲ್ಲಿದ್ದರೋ ದಾಖಲೆಯಲ್ಲಿ ಇರುವುದಿಲ್ಲ.

ನಮ್ಮ ಕೋರಿಕೆಗಳಲ್ಲಿ ಹೆಚ್ಚಿನವಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ, ನಿಮ್ಮ ನಿಯಮ ಸಮಿತಿಗಳು ಕೂತರೆ ಸಾಕು. ಲೋಕಸಭೆಯ ನಿಯಮ 69ರಂತೆ ಖರ್ಚು ತರುವ ಮಸೂದೆಗೆ ಹಣಕಾಸು ಜ್ಞಾಪನ, ನಿಯಮ 70ರಂತೆ ಅಧಿಕಾರ ವಹಿಸಿಕೊಡುವ ಮಸೂದೆಗೆ ವಿವರಣಾ ಜ್ಞಾಪನ ಈಗಾಗಲೇ ಕಡ್ಡಾಯ. ಅವೆರಡರ ಪಕ್ಕದಲ್ಲಿ ಸಮಾಲೋಚನಾ ಜ್ಞಾಪನವೊಂದನ್ನು ಸೇರಿಸಿ: ಕರಡು ಎಷ್ಟು ದಿನ ಸಾರ್ವಜನಿಕವಾಗಿತ್ತು, ಯಾವ ಸಂಸ್ಥೆ, ಕಂಪನಿ, ಸಂಘ, ರಾಜ್ಯ ಸರ್ಕಾರ ಯಾವ ಕಲಮಿನ ಬಗ್ಗೆ ಏನು ಹೇಳಿತು, ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು. ವ್ಯಕ್ತಿಗಳ ಹೆಸರು, ವಿಳಾಸ ಮುಚ್ಚಿಡಿ, ಸಂಸ್ಥೆಗಳದ್ದನ್ನು ಮುಚ್ಚಿಡಬೇಡಿ. ಸಮಾಲೋಚನೆ ನಡೆಯದಿದ್ದರೆ ‘ನಡೆದಿಲ್ಲ, ಕಾರಣ ಇಂಥದ್ದು’ ಎಂದು ಬರೆದರೂ ಆದೀತು. ಜ್ಞಾಪನವಿಲ್ಲದ ಮಸೂದೆಯನ್ನು ಮಂಡನೆಗೆ ಸ್ವೀಕರಿಸಬೇಡಿ.

ಲೋಕಸಭೆಯಲ್ಲೂ ಹಿತಾಸಕ್ತಿಗಳ ರಿಜಿಸ್ಟರ್ ತೆರೆಯಲಿ, ಎರಡೂ ಮನೆಗಳದ್ದು ಅಂತರ್ಜಾಲದಲ್ಲಿರಲಿ. ಸಮಿತಿ ಒಂದು ಮಸೂದೆಯನ್ನೋ ನಿಯಮವನ್ನೋ ಕೈಗೆತ್ತಿಕೊಂಡ ಮೊದಲ ಸಭೆಯಲ್ಲೇ ಪ್ರತಿ ಸದಸ್ಯರೂ ತಮಗೆ ಅದರಲ್ಲಿ ಪಾಲಿದೆಯೇ ಎಂದು ಬರೆದುಕೊಡಲಿ, ಅದು ವರದಿಯ ಅನುಬಂಧವಾಗಲಿ. ಮಸೂದೆಯನ್ನು ಸಮಿತಿಗೆ ಕಳಿಸದಿದ್ದರೆ ಏಕೆಂದು ಸಚಿವರು ಸದನಕ್ಕೆ ಲಿಖಿತವಾಗಿ ತಿಳಿಸಲಿ. ಸಮಿತಿಗಳ ಗಡುವು 30 ದಿನವಾಗಲಿ, 8ನೇ ಅನುಸೂಚಿಯ ಎಲ್ಲ ಭಾಷೆಗಳ ಮನವಿಗಳೂ ಸ್ವೀಕಾರವಾಗಲಿ. ಸದನದ ಭಾಷಾಂತರಕಾರರು ಇದ್ದೇ ಇದ್ದಾರೆ.

ಲೋಕಸಭಾ ಸ್ಪೀಕರ್ ಅವರಲ್ಲಿ ಪ್ರತ್ಯೇಕವಾಗಿ ಒಂದು ಮಾತು. ಸಂವಿಧಾನದ 110(3)ನೇ ವಿಧಿಯ ಪ್ರಕಾರ ಯಾವುದು ಧನ ಮಸೂದೆ (ತೆರಿಗೆ, ಸರ್ಕಾರಿ ಖರ್ಚಿನಂಥ ವಿಷಯಗಳದ್ದು) ಎಂಬ ನಿಮ್ಮ ತೀರ್ಮಾನವೇ ಅಂತಿಮ, ಆ ಮುದ್ರೆ ಬಿದ್ದ ಮೇಲೆ ರಾಜ್ಯಸಭೆ ಸಲಹೆ ಕೊಡಬಹುದೇ ಹೊರತು ತಡೆಯಲಾರದು. 2016ರ ಆಧಾರ್ ಕಾಯ್ದೆ ಈ ದಾರಿಯಲ್ಲಿ ಬಂದದ್ದರ ವ್ಯಾಜ್ಯ ಎಷ್ಟು ದೂರ ಹೋಯಿತೆಂಬುದು ತಮಗೆ ತಿಳಿದೇ ಇದೆ. ಪ್ರಮಾಣಪತ್ರದೊಂದಿಗೆ ಕಲಂವಾರು ಕಾರಣಗಳನ್ನು ಬರೆಯುವ ಪದ್ಧತಿ ಆರಂಭಿಸಿ. ತೆರಿಗೆಗೂ ಖರ್ಚಿಗೂ ಸಂಬಂಧವಿಲ್ಲದ ಕಲಮುಗಳು ಹಣಕಾಸು ಮಸೂದೆಯಲ್ಲಿ ಕಂಡರೆ ಅವನ್ನು ಬೇರೆ ಮಸೂದೆಯಾಗಿ ತನ್ನಿ ಎಂದು ಹಿಂದಿರುಗಿಸಿ.

ಕರ್ನಾಟಕದ 40 ಸದಸ್ಯರಲ್ಲಿ ಕೇಳುವುದು ಇನ್ನೂ ಸರಳ. ಪ್ರತಿ ಮಸೂದೆಯ ಕೊನೆಯ ಹಂತದಲ್ಲಿ ನಿಮ್ಮಲ್ಲೊಬ್ಬರು ಎದ್ದು ನಿಂತು ವಿಭಜನೆ ಕೇಳಿ. ಮಸೂದೆಯ ಬಗ್ಗೆ ನಿಮ್ಮನ್ನು ಭೇಟಿಯಾದ ಸಂಸ್ಥೆಗಳ ಪಟ್ಟಿಯನ್ನು ಅಧಿವೇಶನ ಮುಗಿದ ಮೇಲೆ ನೀವಾಗಿಯೇ ಪ್ರಕಟಿಸಿ. ಬೇಡವೆನ್ನುವ ನಿಯಮ ಎಲ್ಲೂ ಇಲ್ಲ. ಮೊದಲ ಪಟ್ಟಿ ಮುಂದಿನ ಅಧಿವೇಶನದಿಂದಲೇ ಬರಲಿ. ಈ ಪತ್ರಕ್ಕೆ ನೀವು ಕೊಡುವ ಉತ್ತರ, ಅದು ಒಪ್ಪಿಗೆಯೇ ಇರಲಿ ನಿರಾಕರಣೆಯೇ ಇರಲಿ, ಇದರ ಜೊತೆಯಲ್ಲೇ ಪ್ರಕಟವಾಗುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಮಸೂದೆಗಳನ್ನು ಓದಿ ಚರ್ಚಿಸುವ ಕೆಲವು ನಾಗರಿಕರು
ಬೆಂಗಳೂರು